ನೂಡಲ್ಸ್‌ಗೆ ಶಾವಿಗೆಯ ಮಾತು

ಬೇಸಿಗೆಯಲ್ಲಿ ನಾನು ನೂಡಲ್ಸ್ ರುಚಿ ನೋಡುವುದು ಬೆಳಗಿನ 5.30ಕ್ಕೆ. ರಾಯಚೂರಿನ ಬಿಸಿಲು ಏರಿದ ಮೇಲೆ ನಾಲಿಗೆಯನ್ನು ನಂಬಲಾಗುವುದಿಲ್ಲ. ಬೆವರಿ ಬಂದವರಿಗೆ ಉಪ್ಪು ಎಷ್ಟಿದ್ದರೂ ಹಿತವಾಗಿಯೇ ಇರುತ್ತದೆ. ಇದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಮೇ ತಿಂಗಳ ಮಧ್ಯಾಹ್ನ ಗಿರಣಿಯಿಂದ ಬಂದು ತಿಂದು, ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದ ಕೊರಿಯಾದ ಒಂದು ಪೊಟ್ಟಣವನ್ನು ಮಳೆಗಾಲದಲ್ಲಿ ಮತ್ತೆ ಬೇಯಿಸಿದೆ. ನಾಲ್ಕು ಗುಟುಕಿನ ಮೇಲೆ ಸಾರು ಒಳಗೆ ಇಳಿಯಲಿಲ್ಲ. ಪೊಟ್ಟಣದ ಹಿಂಬದಿ ನೋಡಿದರೆ ಸೋಡಿಯಂ 1,700 ಮಿಲಿಗ್ರಾಂ ದಾಟಿತ್ತು. ದಿನವೊಂದಕ್ಕೆ 2,000 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದಿನಿಂದ ಹಳೆಯ ಅಂಕಗಳನ್ನೆಲ್ಲ ಹೊಡೆದುಹಾಕಿ ಹೊಸ ನೋಟ್‌ಬುಕ್ ತೆರೆದೆ.

ನನ್ನದು ಅಕ್ಕಿ ಗಿರಣಿಯಲ್ಲಿ ಸ್ಯಾಂಪಲ್ ನೋಡುವ ಕೆಲಸ. ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಭತ್ತ ತೆಗೆಯುವುದು, ತೇವ ಅಳೆಯುವುದು, ಎಷ್ಟು ನುಚ್ಚು ಬೀಳುತ್ತದೆ ಎಂದು ಬರೆದಿಡುವುದು. ಹೀಗೆ ಬರೆದಿಡುವ ಚಾಳಿ ಮೊದಲೇ ಇತ್ತು. ಹೈದರಾಬಾದಿಗೆ ಮದುವೆಗೆಂದು ಹೋದಾಗ ದೊಡ್ಡ ಅಂಗಡಿಯೊಂದರಲ್ಲಿ ಜಪಾನ್, ಕೊರಿಯಾ, ಥಾಯ್ಲೆಂಡ್, ಇಂಡೋನೇಷ್ಯಾಗಳ ನೂಡಲ್ಸ್ ಸಾಲಾಗಿ ಕಂಡವು. 1983ರಲ್ಲಿ ನಮ್ಮ ದೇಶಕ್ಕೆ ಬಂದ ಮ್ಯಾಗಿಯನ್ನು ಬಿಟ್ಟರೆ ನನಗೆ ಬೇರೆಯದು ಗೊತ್ತಿರಲಿಲ್ಲ. ಐದು ಪೊಟ್ಟಣ ತಂದೆ. ಆಮೇಲೆ ಹೈದರಾಬಾದಿಗೆ ಯಾರು ಹೊರಟರೂ ಅವರ ಕೈಗೆ ಚೀಟಿ ಕೊಡತೊಡಗಿದೆ.

ಇಪ್ಪತ್ತು ಪೊಟ್ಟಣ ಮುಗಿದ ಮೇಲೆ ನೋಟ್‌ಬುಕ್ ತಿರುವಿ ಹಾಕಿದರೆ ಎಲ್ಲ ಪುಟದಲ್ಲಿಯೂ ಅದೇ ಮೂರು ಮಾತು: ಚೆನ್ನಾಗಿದೆ, ಖಾರವಿದೆ, ಉಪ್ಪು ಹೆಚ್ಚು. ಭತ್ತದ ತಳಿಯೊಂದಕ್ಕೆ ಹತ್ತು ಗುಣ ಹೇಳಬಲ್ಲ ನನಗೆ ನೂಡಲ್ಸ್‌ನ ಬಗ್ಗೆ ಮಾತೇ ಇರಲಿಲ್ಲ. ಆ ಮಾತುಗಳನ್ನು ಕೊಟ್ಟವಳು ಅವ್ವ.

ಒಂದು ದಿನ ಬಸಿದಿಟ್ಟ ನೂಡಲ್ಸ್‌ನಿಂದ ಅವಳು ಒಂದು ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ಮೆಲ್ಲಗೆ ಜಗ್ಗಿ ನೋಡಿದಳು. “ಇದರಲ್ಲಿ ಜಿಗಿ ಇದೆ. ಹರಿಯುವ ಮುಂಚೆ ಒಂದಿಷ್ಟು ಹಿಗ್ಗುತ್ತದೆ. ಮೊನ್ನೆ ಮಾಡಿದ್ದು ಬರೀ ಹಿಟ್ಟು ಹಿಟ್ಟು” ಎಂದಳು. ನಾನು ಅಲ್ಲಿಯೇ ಪೆನ್ನು ಹುಡುಕಿದೆ.

ನಮ್ಮ ಕಡೆ ಬೇಸಿಗೆಯಲ್ಲಿ ಮನೆಮನೆಯ ಹೆಂಗಸರು ಸೇರಿ ಶಾವಿಗೆ ಹೊಸೆಯುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಗೋಧಿಯ ನಯವಾದ ಹಿಟ್ಟನ್ನು ತಾಸುಗಟ್ಟಲೆ ನಾದಿ, ಗೀರು ಕೊರೆದ ಶಾವಿಗೆ ಮಣೆಯನ್ನು ಓರೆಯಾಗಿ ಆನಿಸಿ, ಅಂಗೈಯಿಂದ ಹೊಸೆದರೆ ಕೆಳಗೆ ಎಳೆ ಇಳಿಯುತ್ತದೆ. ಇನ್ನೊಬ್ಬರು ಅದನ್ನು ಹರಿಯದಂತೆ ಹಿಡಿದು ಕೋಲಿನ ಮೇಲೆ ಇಳಿಬಿಡುತ್ತಾರೆ. ಹಿಟ್ಟಿನ ಹದ ತಪ್ಪಿದರೆ ಎಳೆ ಅಲ್ಲಿಯೇ ತುಂಡಾಗುತ್ತದೆ. ಬೆರಳ ತುದಿಗೆ ಹದ ತಿಳಿಯುವ ಆ ಹೆಂಗಸರ ಬಾಯಲ್ಲಿ ಎಳೆಯ ಗುಣ ಹೇಳುವ ಮಾತುಗಳು ರಾಶಿ ರಾಶಿಯಾಗಿದ್ದವು. ಜಿಗಿ, ಬಿರುಸು, ಬಿಡಿಬಿಡಿ, ಮುದ್ದೆ, ಮೇಲೆ ಬೆಂದು ನಡುವೆ ಹಸಿ. ಇವನ್ನೇ ನೋಟ್‌ಬುಕ್‌ನ ಕಲಮುಗಳಾಗಿ ಮಾಡಿಕೊಂಡೆ. ಮಸಾಲೆಗೆ ಮರುಳಾಗದೆ ಮೊದಲು ಎಳೆಯನ್ನು ನೋಡಬೇಕು ಎಂಬ ನನ್ನ ಹಟ ಹುಟ್ಟಿದ್ದೂ ಅಲ್ಲಿಂದಲೇ.

ಎಳೆಯ ಬಗ್ಗೆ ಓದುತ್ತ ಹೋದಂತೆ ಕೆಲಸ ಇನ್ನಷ್ಟು ರುಚಿಸಿತು. ಜಪಾನಿನ ಮೊಮೊಫುಕು ಆಂಡೊ 1958ರಲ್ಲಿ ಮಾರುಕಟ್ಟೆಗೆ ತಂದ ಚಿಕನ್ ರಾಮೆನ್ ಎಂಬ ದಿಢೀರ್ ನೂಡಲ್ಸ್‌ನ ಗುಟ್ಟು ಎಣ್ಣೆಯಲ್ಲಿದೆ. ಹಬೆಯಲ್ಲಿ ಬೆಂದ ಎಳೆಯನ್ನು ಕಾದ ಎಣ್ಣೆಗೆ ಬಿಟ್ಟಾಗ ಒಳಗಿನ ನೀರು ಆವಿಯಾಗಿ ಹಾರಿ, ಆ ಜಾಗದಲ್ಲಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಬಿಸಿನೀರು ಬಿದ್ದಾಗ ಅದೇ ತೂತುಗಳಿಂದ ಒಳಗೆ ನುಗ್ಗುತ್ತದೆ. ಅದಕ್ಕೇ ಬೇಗ ಬೇಯುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿದ ಇನ್ನೊಂದು ಬಗೆ ಇದೆ. ಅದು ಬೇಯಲು ಹೆಚ್ಚು ಹೊತ್ತು ಬೇಡುತ್ತದೆ, ಆದರೆ ಎಳೆ ಗಟ್ಟಿ, ಗೋಧಿಯ ವಾಸನೆ ಸ್ಪಷ್ಟ. ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕರಿದ ನೂಡಲ್ಸ್‌ಗೆ ತೇವದ ಮಿತಿ 10 ಪ್ರತಿಶತ, ಕರಿಯದ್ದಕ್ಕೆ 14. ಅಕ್ಕಿಯ ತೇವ 14 ದಾಟಿತೇ ಎಂದು ದಿನವಿಡೀ ನೋಡುವ ನನಗೆ ಆ ಅಂಕಿ ಕಂಡು ಬಂಧು ಸಿಕ್ಕಷ್ಟು ಸಂತೋಷವಾಯಿತು.

ಈಗ ನನ್ನ ಕ್ರಮ ಹೀಗಿದೆ. ಒಂದು ಬೆಳಿಗ್ಗೆಗೆ ಒಂದೇ ಪೊಟ್ಟಣ. ಚಹಾ ಕುಡಿದಿರಬಾರದು. ನೀರನ್ನು ಅಳೆದೇ ಹಾಕುತ್ತೇನೆ, ಪೊಟ್ಟಣ 550 ಮಿಲಿಲೀಟರ್ ಎಂದರೆ ಅಷ್ಟೇ. ಬೋರ್‌ವೆಲ್ ನೀರು ಸವಳು. ಅದರಲ್ಲಿ ಬೇಯಿಸಿದ ಸಾರನ್ನು ತೂಗಿ ನೋಡುವುದು ನ್ಯಾಯವಲ್ಲ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಬಳಸುತ್ತೇನೆ. ಮೊದಲ ಸಲ ಈರುಳ್ಳಿ, ಮೊಟ್ಟೆ, ನಿಂಬೆ ಏನೂ ಸೇರಿಸುವುದಿಲ್ಲ. ಮಸಾಲೆ ಬೀಳುವ ಮುಂಚೆ ಎರಡು ಎಳೆ ತೆಗೆದು ಸಪ್ಪೆಯಾಗಿ ಜಗಿಯುತ್ತೇನೆ. ಬಟ್ಟಲಿಗೆ ಹಾಕಿದ ಕೂಡಲೇ ಒಮ್ಮೆ, ಐದು ನಿಮಿಷದ ಮೇಲೆ ಇನ್ನೊಮ್ಮೆ ಅಂಕ ಹಾಕುತ್ತೇನೆ. ಕೊನೆಯ ತುತ್ತಿನಲ್ಲಿ ಎಳೆ ಏನಾಗಿದೆ ಎಂಬುದನ್ನು ಬರೆಯದ ವಿಮರ್ಶೆಯನ್ನು ನಾನು ಅರ್ಧ ವಿಮರ್ಶೆ ಎಂದೇ ಎಣಿಸುತ್ತೇನೆ. 1986ರಿಂದ ಬರುತ್ತಿರುವ ಕೊರಿಯಾದ ಶಿನ್ ರಾಮ್ಯುನ್ ಈ ಎರಡನೆಯ ಪರೀಕ್ಷೆಯಲ್ಲಿ ನನ್ನ ಮನಸ್ಸು ಗೆದ್ದಿತು. ದಪ್ಪ ಎಳೆ, ಐದು ನಿಮಿಷ ಬಿಸಿ ಸಾರಿನಲ್ಲಿ ನೆಂದರೂ ಜಿಗಿ ಬಿಡಲಿಲ್ಲ.

ಖಾರದ ವಿಷಯದಲ್ಲಿ ನಾನು ಬಹಳ ತಿದ್ದಿಕೊಳ್ಳಬೇಕಾಯಿತು. ಕೆಂಪು ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ಬೆಳೆದವರಿಗೆ ಖಾರವೆಂದರೆ ಗುಣ, ಹೆಚ್ಚಿದ್ದಷ್ಟೂ ಅಂಕ. ಆದರೆ ಖಾರ ರುಚಿಯ ಲೆಕ್ಕಕ್ಕೆ ಸೇರುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯ ಮೇಲೆ ಮುಟ್ಟುವುದು ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು, ಅಂದರೆ ನರದ ತುದಿಯ ಸಂವೇದಕವನ್ನು. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. 2012ರಲ್ಲಿ ಬಂದ, ಕೊರಿಯಾದ ಸಾಮ್ಯಾಂಗ್ ಕಂಪನಿಯ ಬುಲ್ಡಕ್ ನೂಡಲ್ಸ್ ತಿಂದ ದಿನ ಇದು ಬಾಯಿಗೇ ಅರ್ಥವಾಯಿತು. ಬೆಂದ ಮೇಲೆ ಎಂಟು ಚಮಚ ನೀರು ಮಾತ್ರ ಉಳಿಸಿ, ಕೆಂಪು ಸಾಸ್ ಹಾಕಿ ಅರ್ಧ ನಿಮಿಷ ಹುರಿಯಬೇಕು. ಮೊದಲ ತುತ್ತಿನಲ್ಲಿ ಸಿಹಿ ಹತ್ತಿತು, ಆಮೇಲೆ ಏನೂ ಹತ್ತಲಿಲ್ಲ. ನೀರು ಕುಡಿದರೆ ಉರಿ ಹರಡಿತು, ಮಜ್ಜಿಗೆಗೆ ತಣಿಯಿತು. ಇಂಥ ಖಾರದ ಪೊಟ್ಟಣಗಳಿಗೆ ಈಗ ಎರಡು ಬೆಳಿಗ್ಗೆ ಕೊಡುತ್ತೇನೆ. ಮೊದಲ ದಿನ ಸಾಸ್ ಕಾಲು ಭಾಗ ಮಾತ್ರ ಹಾಕಿ, ಅಡಿಯಲ್ಲಿರುವ ಸೋಯಾ, ಬೆಳ್ಳುಳ್ಳಿ, ಸಕ್ಕರೆ ಯಾವ ಅಳತೆಯಲ್ಲಿವೆ ಎಂದು ನೋಡುತ್ತೇನೆ. ಪೂರ್ತಿ ಖಾರ ಎರಡನೆಯ ದಿನಕ್ಕೆ.

ಥಾಯ್ಲೆಂಡಿನ ಮಾಮಾ ಕಂಪನಿಯ ಟಾಮ್ ಯಮ್ ಪೊಟ್ಟಣ ಒಡೆದಾಗ ಅಡುಗೆಮನೆ ತುಂಬ ಮಜ್ಜಿಗೆ ಹುಲ್ಲಿನ ವಾಸನೆ. ಅದರ ಹುಳಿ ಹುಣಸೆಹಣ್ಣಿನ ಹಾಗೆ ಗಂಟಲಿಗೆ ಇಳಿಯುವುದಿಲ್ಲ, ಮೂಗಿನ ಕಡೆಗೆ ಏರುತ್ತದೆ. ಈ ಒಂದು ವಾಕ್ಯ ಬರೆಯಲು ನನಗೆ ಮೂರು ಪೊಟ್ಟಣ ಬೇಕಾದವು. ಅದರಲ್ಲಿ ಸಿಗಡಿ ಇದ್ದದ್ದರಿಂದ ಅವ್ವ ಮುಟ್ಟಲಿಲ್ಲ. ಇಂಥವನ್ನು ಬೇಯಿಸಲು ನನಗೆ ಬೇರೆ ಪಾತ್ರೆ, ಬೇರೆ ಚಮಚ, ಹಿತ್ತಲಿನ ಕಟ್ಟೆಯ ಮೇಲೆ ಬೇರೆ ಒಲೆ ಇವೆ. ಹೊರದೇಶದ ಪೊಟ್ಟಣದ ಚಿತ್ರ ನಂಬಬಾರದು. ತರಕಾರಿಯ ಚಿತ್ರವಿದ್ದರೂ ಮಸಾಲೆಯಲ್ಲಿ ಮೀನಿನ ಪುಡಿ ಇರಬಹುದು. ಹಸಿರು ಚುಕ್ಕಿ ಇದೆಯೇ ಎಂದು ನೋಡಿ, ಪದಾರ್ಥಗಳ ಪಟ್ಟಿಯನ್ನೂ ಓದಿಯೇ ಅವಳ ಮುಂದೆ ಇಡುತ್ತೇನೆ.

ತಾರೀಖನ್ನೂ ನೋಡಬೇಕು. ಕರಿದ ನೂಡಲ್ಸ್ ತೂಕದಲ್ಲಿ ಸುಮಾರು ಆರನೆಯ ಒಂದು ಭಾಗ ಎಣ್ಣೆಯೇ ಇರುತ್ತದೆ, ಹಳತಾದರೆ ಕಮಟು ಹಿಡಿಯುತ್ತದೆ. ಒಮ್ಮೆ ಅಂಗಡಿಯೊಂದರಲ್ಲಿ ತಾರೀಖಿನ ಮೇಲೆಯೇ ಬೆಲೆಯ ಚೀಟಿ ಅಂಟಿಸಿದ್ದ ನಾಲ್ಕು ಪೊಟ್ಟಣ ಕೊಂಡು ತಂದೆ. ಒಡೆದ ಕೂಡಲೇ ಹಳೆಯ ಶೇಂಗಾ ವಾಸನೆ. ನಾಲ್ಕನ್ನೂ ಎಸೆದೆ, ಅಂಕ ಹಾಕಲಿಲ್ಲ.

ಅವ್ವನಿಗೆ ಕುತೂಹಲ ಹುಟ್ಟಿಸಿದ್ದು ಎಳೆಯ ಹಳದಿ ಬಣ್ಣ. ಅರಿಸಿನ ಹಾಕಿರಬಹುದೇ ಎಂದು ಕೇಳಿದಳು. ಪಟ್ಟಿ ಓದಿ ಹೇಳಿದೆ: ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್. ಜಪಾನಿನಲ್ಲಿ ಇದನ್ನು ಕಾನ್ಸುಯಿ ಎನ್ನುತ್ತಾರೆ. ಈ ಕ್ಷಾರ ಗೋಧಿಯ ಹಿಟ್ಟಿಗೆ ಬಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ, ಜಿಗಿ ಹೆಚ್ಚುತ್ತದೆ. “ಹಾಗಾದರೆ ನಾವು ಹಪ್ಪಳಕ್ಕೆ ಹಾಕುವ ಪಾಪಡಖಾರದ ಹಾಗೆಯೇ ಅಲ್ಲವೇ?” ಎಂದಳು. ಅಷ್ಟು ಪೊಟ್ಟಣ ತಿಂದರೂ ನನಗೆ ಇದು ಹೊಳೆದಿರಲಿಲ್ಲ.

ಇಂಡೋನೇಷ್ಯಾದ ಇಂಡೊಮಿ ಮಿ ಗೊರೆಂಗ್ ಸಾರಿಲ್ಲದ್ದು. ಮೂರು ನಿಮಿಷ ಬೇಯಿಸಿ, ಬಸಿದು, ಸಿಹಿ ಸೋಯಾ ಸಾಸ್, ಎಣ್ಣೆ, ಮಸಾಲೆ, ಖಾರದ ಪುಡಿ, ಕರಿದ ಈರುಳ್ಳಿ ಸೇರಿಸಿ ಕಲಸಬೇಕು. ಬಸಿದ ಶಾವಿಗೆಗೆ ಬೆಲ್ಲ, ತುಪ್ಪ ಕಲಸಿದಂತೆಯೇ. ಅದರ ಮಸಾಲೆಯನ್ನು ಮನೆಯ ಶಾವಿಗೆಗೆ ಹಾಕಿ ನೋಡಿದೆವು. ಶಾವಿಗೆ ಮುದ್ದೆಯಾಯಿತು, ಸಾಸ್ ಒಂದು ಕಡೆ ನಿಂತಿತು. ಅವ್ವ ಸುಮ್ಮನಾಗಲಿಲ್ಲ. ಮುಂದಿನ ಬೇಸಿಗೆಗೆ ಒಂದು ಬೊಗಸೆ ಹಿಟ್ಟನ್ನು ಬೇರೆ ತೆಗೆದು, ಚಿಟಿಕೆ ಪಾಪಡಖಾರ ನೀರಿಗೆ ಬೆರೆಸಿ ನಾದಿದಳು. ಹಿಟ್ಟು ಬಿಗಿದುಕೊಂಡಿತು, ಹೊಸೆಯಲು ತೋಳು ನೋಯಿತು ಎಂದಳು. ಒಣಗಿದ ಎಳೆ ತೆಳು ಹಳದಿ.

ಅದನ್ನು ಉಳಿದೆಲ್ಲದರಂತೆ ಬೆಳಗಿನ 5.30ಕ್ಕೆ, ಅದೇ ನೀರಿನಲ್ಲಿ ಬೇಯಿಸಿದೆ. ನೋಟ್‌ಬುಕ್‌ನಲ್ಲಿ ಬರೆದದ್ದು ಇಷ್ಟು: ಎಳೆ ಬಿಡಿಬಿಡಿ. ಜಿಗಿ ಇದೆ. ಹಿಂದೆ ತುಸು ಸೋಡಾ ವಾಸನೆ, ಪಾಪಡಖಾರ ಅರ್ಧ ಚಿಟಿಕೆಗೆ ಇಳಿಸಬೇಕು. ಐದು ನಿಮಿಷದ ಮೇಲೂ ಮುದ್ದೆಗಟ್ಟಲಿಲ್ಲ. ಹತ್ತಕ್ಕೆ ಏಳು.

ಅವ್ವ ಪುಟ ಓದಿಸಿ ಕೇಳಿದಳು. ಮರುದಿನವೇ ಮತ್ತೊಂದು ಬೊಗಸೆ ಹಿಟ್ಟು ನೆನೆಸಿಟ್ಟಳು.