ಕ್ಯಾಮೆರಾ ಸೆನ್ಸರ್ ಮೇಲೆ ಕೂತ ಧೂಳನ್ನು ಮನೆಯಲ್ಲೇ ತೆಗೆಯುವ ಬಗೆ

ಆಕಾಶದ ಮೂಲೆಯಲ್ಲಿ ಕಾಣುವ ಮಸುಕಾದ ಬೂದು ಚುಕ್ಕೆಯನ್ನು ಮೊದಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೂರದ ಹಕ್ಕಿಯಿರಬೇಕು ಎಂದುಕೊಂಡು ಸುಮ್ಮನಾಗುತ್ತೇವೆ. ಹಂಪಿಯಲ್ಲಿ ತೆಗೆದ ಚಿತ್ರದಲ್ಲಿಯೂ ಕಾರವಾರದ ಕಡಲತೀರದ ಚಿತ್ರದಲ್ಲಿಯೂ ಅದೇ ಹಕ್ಕಿ ಅದೇ ಮೂಲೆಯಲ್ಲಿ ಹಾರುತ್ತಿದ್ದರೆ ಮಾತ್ರ ಸಂಶಯಕ್ಕೆ ಎಡೆಯಿಲ್ಲ, ಅದು ಕ್ಯಾಮೆರಾದೊಳಗೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲೆ ಕೂತ ಧೂಳಿನ ನೆರಳು. ಲೆನ್ಸಿನ ಮುಂಗಾಜಿನ ಮೇಲಿರುವ ಧೂಳು ಹೀಗೆ ಚುಕ್ಕೆಯಾಗಿ ಮೂಡುವುದು ತೀರಾ ಅಪರೂಪ, ಆದ್ದರಿಂದ ಲೆನ್ಸನ್ನು ಎಷ್ಟು ಉಜ್ಜಿದರೂ ಚುಕ್ಕೆ ಹೋಗುವುದಿಲ್ಲ.

ನಾವು ಸೆನ್ಸರ್ ಶುಚಿ ಮಾಡುತ್ತೇವೆ ಎಂದು ಹೇಳುವುದು ರೂಢಿಯ ಮಾತು. ನಿಜವಾಗಿ ಕೈಗೆ ಸಿಗುವುದು ಸೆನ್ಸರ್ ಮುಂದೆ ಕೂರಿಸಿರುವ ತೆಳುವಾದ ಫಿಲ್ಟರ್ ಗಾಜು. ಇದು ತಿಳಿದರೆ ಭಯ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಎಚ್ಚರ ಕಡಿಮೆಯಾಗಬಾರದು, ಏಕೆಂದರೆ ಆ ಗಾಜಿನ ಲೇಪನಕ್ಕೆ ಗೀರು ಬಿದ್ದರೆ ಅದನ್ನು ಬದಲಿಸುವ ಖರ್ಚು ಸಣ್ಣದಲ್ಲ. ಕ್ಯಾಮೆರಾ ಕಂಪನಿಗಳ ಕೈಪಿಡಿಗಳು ಸಾಮಾನ್ಯವಾಗಿ ಬ್ಲೋಯರ್‌ನಿಂದ ಗಾಳಿ ಊದುವುದಕ್ಕೆ ಮಾತ್ರ ಸಮ್ಮತಿಸಿ, ಗಾಜನ್ನು ಮುಟ್ಟುವ ಕೆಲಸವನ್ನು ಸರ್ವಿಸ್ ಸೆಂಟರಿಗೆ ಬಿಡಿ ಎನ್ನುತ್ತವೆ. ವಾರಂಟಿ ಇನ್ನೂ ಇರುವ ಕ್ಯಾಮೆರಾದ ಮಟ್ಟಿಗೆ ನಾನು ಕೂಡ ಅದನ್ನೇ ಹೇಳುತ್ತೇನೆ.

ಮೊದಲು ಪರೀಕ್ಷಾ ಚಿತ್ರ ತೆಗೆಯಬೇಕು. ಐಎಸ್ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) ಕನಿಷ್ಠಕ್ಕೆ ಇಳಿಸಿ, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ; ಎಫ್ ಮುಂದಿನ ಅಂಕಿ ಹೆಚ್ಚಿದಷ್ಟೂ ಅದು ಕಿರಿದು) ಎಫ್/16 ಅಥವಾ ಎಫ್/22ಕ್ಕೆ ತಂದು, ಮ್ಯಾನುಯಲ್ ಫೋಕಸ್‌ನಲ್ಲಿ ಬೇಕೆಂದೇ ಫೋಕಸ್ ತಪ್ಪಿಸಿ, ಬಿಳಿ ಗೋಡೆಯನ್ನೋ ಮೋಡವಿಲ್ಲದ ಆಕಾಶವನ್ನೋ ತುಸು ಹೆಚ್ಚು ಬೆಳಕು ಕೊಟ್ಟು ತೆಗೆಯಿರಿ. ಶಟರ್ ನಿಧಾನವಾಗಿ ಕ್ಯಾಮೆರಾ ಅಲುಗಾಡಿದರೂ ಚಿಂತೆಯಿಲ್ಲ, ಗೋಡೆಯ ಕಲೆಗಳು ಕಲಸಿಹೋಗುತ್ತವೆ, ಧೂಳು ಮಾತ್ರ ಕದಲದೆ ಉಳಿಯುತ್ತದೆ. ಅಪರ್ಚರ್ ಕಿರಿದಾಗಿರಲೇಬೇಕೆಂಬುದಕ್ಕೆ ಕಾರಣವಿದೆ. ಧೂಳಿನ ಕಣ ಸೆನ್ಸರ್‌ಗೆ ಅಂಟಿಕೊಂಡಿರದೆ ಫಿಲ್ಟರ್ ಗಾಜಿನಷ್ಟು ದೂರದಲ್ಲಿರುವುದರಿಂದ, ಅಗಲವಾದ ಅಪರ್ಚರ್‌ನಲ್ಲಿ ನಾನಾ ಕೋನಗಳಿಂದ ಬರುವ ಬೆಳಕು ಅದರ ನೆರಳನ್ನು ಕರಗಿಸಿಬಿಡುತ್ತದೆ. ಕಿರಿದಾದ ಅಪರ್ಚರ್‌ನಲ್ಲಿ ಅದೇ ನೆರಳು ಗಟ್ಟಿಯಾಗಿ ಬೀಳುತ್ತದೆ. ಚಿತ್ರವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರರಷ್ಟು ದೊಡ್ಡದು ಮಾಡಿ ನೋಡಿದರೆ ಎದೆ ಧಸಕ್ಕೆನ್ನಬಹುದು. ಗಾಬರಿ ಬೇಡ. ಅದೇ ಗೋಡೆಯನ್ನು ಎಫ್/8ರಲ್ಲಿ ಮತ್ತೊಮ್ಮೆ ತೆಗೆದು, ನೀವು ದಿನನಿತ್ಯ ಬಳಸುವ ಅಪರ್ಚರ್‌ನಲ್ಲಿ ಏನೂ ಕಾಣದಿದ್ದರೆ ಕೆಲಸವನ್ನು ಅಲ್ಲಿಗೇ ಬಿಡಿ. ಎಫ್/2.8ರಲ್ಲಿ ಮದುವೆ ಮನೆಯ ಚಿತ್ರ ತೆಗೆಯುವವರಿಗೂ ಎಫ್/11ರಲ್ಲಿ ಘಟ್ಟದ ಸಾಲು ತೆಗೆಯುವವರಿಗೂ ಶುಚಿತ್ವದ ಅಳತೆ ಒಂದೇ ಅಲ್ಲ.

ಧೂಳು ತೆಗೆಯಲೇಬೇಕೆಂದಾದರೆ ಜಾಗ ನೋಡಿಕೊಳ್ಳಿ. ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕಸ ಗುಡಿಸಿ ಒಂದೆರಡು ಗಂಟೆ ಕಳೆದ ಕೋಣೆಯಲ್ಲಿ ಕೂರಿ. ಊದುಬತ್ತಿಯ ಹೊಗೆಯೂ ಒಗ್ಗರಣೆಯ ಘಾಟೂ ಇರುವ ಕಡೆ ಈ ಕೆಲಸ ಬೇಡ, ಏಕೆಂದರೆ ಅವುಗಳ ಜಿಡ್ಡು ಒಣ ಧೂಳಿಗಿಂತ ಹಟಮಾರಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಸೆನ್ಸರ್ ಮುಂದೆ ಮಿರರ್, ಅಂದರೆ ಕನ್ನಡಿ ಇರುವ ಡಿಎಸ್ಎಲ್ಆರ್ ಆದರೆ ಮೆನುವಿನಲ್ಲಿ ಶುಚಿಗೊಳಿಸಲೆಂದೇ ಮಿರರ್ ಮೇಲೆತ್ತಿ ಹಿಡಿಯುವ ಆಯ್ಕೆಯಿರುತ್ತದೆ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಬಲ್ಬ್ ಮೋಡ್‌ನಲ್ಲಿ ಬೆರಳಿಟ್ಟು ಹಿಡಿಯುವ ಉಪಾಯವನ್ನು ಮಾಡಬೇಡಿ. ಬೆರಳು ಜಾರಿದರೆ ಮಿರರ್ ಮತ್ತು ಶಟರ್ ನಿಮ್ಮ ಉಪಕರಣದ ಮೇಲೆಯೇ ಬಂದು ಬೀಳುತ್ತವೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಲೆನ್ಸ್ ಕಳಚಿದರೆ ಸೆನ್ಸರ್ ಸಾಮಾನ್ಯವಾಗಿ ಎದುರಿಗೇ ಕಾಣುತ್ತದೆ, ಆದರೆ ಕೆಲವು ಮಾದರಿಗಳು ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತವೆ. ಆ ತೆಳು ಪರದೆಯನ್ನೇ ಸೆನ್ಸರ್ ಎಂದು ಭಾವಿಸಿ ಮುಟ್ಟಿದರೆ ಶಟರ್ ಹಾಳಾದಂತೆಯೇ ಸರಿ.

ಸೆನ್ಸರ್ ಮುಂದಿನ ಫಿಲ್ಟರ್ ಗಾಜನ್ನು ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆ 2003ರ ಒಲಿಂಪಸ್ ಇ-1ರಲ್ಲಿ ಬಂದು, 2006ರ ಕ್ಯಾನನ್ 400ಡಿಯ ಹೊತ್ತಿಗೆ ಸಾಮಾನ್ಯ ಕ್ಯಾಮೆರಾಗಳಿಗೂ ಇಳಿಯಿತು. ನಿಮ್ಮದರಲ್ಲಿ ಅದಿದ್ದರೆ ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು ಎರಡು ಮೂರು ಸಲ ಓಡಿಸಿ. ಅನಂತರ ರಬ್ಬರ್ ಬ್ಲೋಯರ್. ಅದನ್ನು ಮೊದಲು ಹೊರಗೆ ನಾಲ್ಕಾರು ಸಲ ಒತ್ತಿ ಒಳಗಿನ ಪುಡಿ ಹೋಗಲಿ. ಕ್ಯಾಮೆರಾದ ಬಾಯಿ ನೆಲದ ಕಡೆಗೆ ಇರುವಂತೆ ಎತ್ತಿ ಹಿಡಿದು, ಬ್ಲೋಯರ್ ಮೂತಿ ಲೆನ್ಸ್ ಕೂರುವ ಬಳೆಯಿಂದ ಒಳಗೆ ಹೋಗದಂತೆ ನೋಡಿಕೊಂಡು, ಕೆಳಗಿನಿಂದ ಹತ್ತು ಹನ್ನೆರಡು ಸಲ ರಭಸವಾಗಿ ಊದಿ. ಬಾಯಿಯಿಂದ ಊದಿದರೆ ಎಂಜಲು ಸಿಡಿಯುತ್ತದೆ; ಡಬ್ಬಿಯಲ್ಲಿ ಬರುವ ಸ್ಪ್ರೇ ಗಾಳಿಯಲ್ಲಿ ದ್ರವ ಚಿಮ್ಮಿ ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ; ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತವೆ. ಊದಿದ ಮೇಲೆ ಮತ್ತೆ ಪರೀಕ್ಷಾ ಚಿತ್ರ ತೆಗೆಯಿರಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಕೆಲಸ ಇಲ್ಲಿಗೇ ಮುಗಿದಿದೆ.

ಗಾಳಿಗೆ ಜಗ್ಗದ ಚುಕ್ಕೆಗಳಿಗೆ ಸ್ವಾಬ್ (ತುದಿಗೆ ನೂಲು ಬಿಡದ ಮೆತ್ತನೆಯ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ) ಮತ್ತು ದ್ರವ ಬೇಕು. ಸ್ವಾಬಿನ ಅಗಲ ಸೆನ್ಸರಿನ ಎತ್ತರಕ್ಕೆ ಹೊಂದಬೇಕು: 36×24 ಮಿ.ಮೀ. ಫುಲ್ ಫ್ರೇಮ್‌ಗೆ 24 ಮಿ.ಮೀ. ಸ್ವಾಬ್, ಸುಮಾರು 23.5×15.6 ಮಿ.ಮೀ. ಇರುವ, ಅದಕ್ಕಿಂತ ಚಿಕ್ಕ ಎಪಿಎಸ್-ಸಿ ಸೆನ್ಸರಿಗೆ 16 ಮಿ.ಮೀ. ಸ್ವಾಬ್. ಕಿವಿಗೆ ಹಾಕುವ ಹತ್ತಿಕಡ್ಡಿ ನೂಲು ಬಿಡುತ್ತದೆ, ಕನ್ನಡಕ ಒರೆಸುವ ಬಟ್ಟೆಯಲ್ಲಿ ಹಿಂದಿನ ಮರಳು ಸಿಕ್ಕಿಕೊಂಡಿರುತ್ತದೆ, ಇವೆರಡೂ ಬೇಡ. ದ್ರವವೂ ಸೆನ್ಸರ್‌ಗೆಂದೇ ಮಾರುವಂಥದ್ದಿರಲಿ. ಇಂಥ ದ್ರವಗಳಲ್ಲಿ ಕೆಲವು ಮೆಥನಾಲ್, ಅಂದರೆ ವಿಷ, ಜೊತೆಗೆ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು; ಮಕ್ಕಳ ಕೈಗೂ ಒಲೆಯ ಬಳಿಗೂ ಹೋಗದಂತೆ ಇಡಬೇಕು.

ಸ್ವಾಬಿನ ಅಂಚಿಗೆ ಎರಡೇ ಹನಿ ಹಾಕಿ, ದ್ರವ ಹರಡಿಕೊಳ್ಳಲು ಐದಾರು ಸೆಕೆಂಡು ಕಾಯಿರಿ. ಒದ್ದೆ ಹೆಚ್ಚಾದರೆ ಗಾಜಿನ ಅಂಚಿನಲ್ಲಿ ದ್ರವ ಸೋರಿ ಒಣಗಿದ ಗುರುತು ಉಳಿಯುತ್ತದೆ. ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸಿ, ಸ್ವಾಬನ್ನು ಒಂದು ಬದಿಯ ಅಂಚಿನಲ್ಲಿ ಮೆಲ್ಲಗೆ ಊರಿ, ಹಿಡಿಯನ್ನು ಎಳೆಯುವ ದಿಕ್ಕಿಗೆ ತುಸು ಬಾಗಿಸಿ, ನಡುವೆ ಎಲ್ಲೂ ನಿಲ್ಲಿಸದೆ ಇನ್ನೊಂದು ಅಂಚಿನವರೆಗೆ ಒಂದೇ ಎಳೆತದಲ್ಲಿ ತನ್ನಿ. ಎಷ್ಟು ಒತ್ತಬೇಕೆಂದು ಕೇಳಿದರೆ, ಊಟಕ್ಕೆ ಮುನ್ನ ಬಾಳೆಲೆಗೆ ನೀರು ಚಿಮುಕಿಸಿ ಎಲೆ ಹರಿಯದಂತೆ ಒರೆಸುತ್ತೇವಲ್ಲ, ಅಷ್ಟು. ಸ್ವಾಬಿನ ತುದಿ ಕೊಂಚ ಬಾಗಿದರೆ ಸಾಕು. ಅನಂತರ ಸ್ವಾಬನ್ನು ತಿರುಗಿಸಿ, ಬಳಸದ ಮಗ್ಗುಲಿನಿಂದ ವಾಪಸು ಎಳೆಯಿರಿ. ಅಲ್ಲಿಗೆ ಆ ಸ್ವಾಬಿನ ಆಯಸ್ಸು ಮುಗಿಯಿತು. ಉಳಿತಾಯ ಮಾಡಲು ಹೋಗಿ ಅದನ್ನೇ ಮತ್ತೆ ಬಳಸಿದರೆ, ಅದು ಹಿಡಿದ ಮರಳಿನ ಕಣವೇ ಗಾಜಿಗೆ ಗೀರು ಹಾಕುತ್ತದೆ.

ನಾನು ಮೊದಲ ಸಲ ಮಾಡಿದಾಗ ಸ್ವಾಬನ್ನು ಹೊರಗೆಳೆಯುವ ಅವಸರದಲ್ಲಿ ಅದರ ಮೂಲೆ ಮಿರರ್ ಕೋಣೆಯ ಗೋಡೆಗೆ ತಾಗಿತ್ತು. ಅಲ್ಲಿನ ಗ್ರೀಸ್ ಅಂಟಿದ್ದು ನನಗೆ ಗೊತ್ತಾಗಲಿಲ್ಲ. ಅದೇ ಮೂಲೆಯಿಂದ ವಾಪಸು ಎಳೆದಾಗ ಚಿತ್ರದ ಉದ್ದಕ್ಕೂ ಎಣ್ಣೆಯ ಪಟ್ಟೆ ಮೂಡಿತು. ಆರು ಚುಕ್ಕೆಗಳಿದ್ದ ಸೆನ್ಸರನ್ನು ಮೊದಲಿನ ಸ್ಥಿತಿಗೆ ತರಲು ಮತ್ತೆ ಮೂರು ಸ್ವಾಬ್ ಖರ್ಚಾದವು. ಅಂದಿನಿಂದ ಸ್ವಾಬ್ ಗಾಜಲ್ಲದೆ ಬೇರೇನನ್ನಾದರೂ ಮುಟ್ಟಿದರೆ ಅದನ್ನು ಎಸೆಯುತ್ತೇನೆ.

ಎರಡನೆಯ ಸ್ವಾಬಿನ ನಂತರವೂ ಚುಕ್ಕೆ ಉಳಿದಿದ್ದರೆ ಅದು ಎಲ್ಲಿದೆ ಎಂದು ಪತ್ತೆಹಚ್ಚಬೇಕು. ಚಿತ್ರದ ಮೇಲ್ಭಾಗದ ಎಡಕ್ಕೆ ಕಂಡ ಚುಕ್ಕೆ, ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ಎದುರಿನಿಂದ ನೋಡಿದಾಗ ಸೆನ್ಸರಿನ ಕೆಳಭಾಗದ ಎಡಕ್ಕಿರುತ್ತದೆ. ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಮೇಲು ಕೆಳಗಾಗುತ್ತದೆ, ಎಡಬಲ ಮಾತ್ರ ನಮಗೆ ಹಾಗೆಯೇ ಕಾಣುತ್ತದೆ. ಅಂಚು ಚೂಪಾದ, ದುಂಡಗಿನ, ನಡುವೆ ತಿಳಿಯಾದ ಚುಕ್ಕೆಗಳಾದರೆ ಅವು ಧೂಳಲ್ಲ, ಎಣ್ಣೆಯ ಹನಿಗಳಾಗಿರುವ ಸಂಭವ ಹೆಚ್ಚು. 2012ರಲ್ಲಿ ಬಂದ ನಿಕಾನ್ ಡಿ600ರ ಸೆನ್ಸರ್ ಮೇಲೆ ಚುಕ್ಕೆಗಳು ಮತ್ತೆ ಮತ್ತೆ ಕೂರುತ್ತಿದ್ದುದರಿಂದ, ಕಂಪನಿಯೇ 2014ರಲ್ಲಿ ಶಟರ್ ಬದಲಿಸಿಕೊಡುವುದೂ ಸೇರಿದಂತೆ ಉಚಿತ ಸೇವೆ ಘೋಷಿಸಬೇಕಾಯಿತು. ಶುಚಿ ಮಾಡಿದ ಕೆಲವೇ ದಿನಗಳಲ್ಲಿ ಅಂಥ ಹನಿಗಳು ಮತ್ತೆ ಕಂಡರೆ ಸ್ವಾಬ್ ಖರೀದಿಸುವುದನ್ನು ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಹೋಗಿ.

ಕೆಲಸ ಮುಗಿಸಿ ಲೆನ್ಸ್ ಹಾಕುವ ಮುನ್ನ ಅದರ ಹಿಂಬದಿಯ ಬಳೆಯನ್ನು ಒಣ ಬಟ್ಟೆಯಿಂದ ಒರೆಸಿ. ಲೆನ್ಸ್ ಇಲ್ಲದಾಗ ಕ್ಯಾಮೆರಾದ ಬಾಯಿಗೆ ಹಾಕುವ ಮುಚ್ಚಳದ, ಅಂದರೆ ಬಾಡಿ ಕ್ಯಾಪಿನ ಒಳಮೈಯನ್ನೂ ನೋಡಿ; ಬ್ಯಾಗಿನ ತಳದಲ್ಲಿ ಬಾಯಿ ಮೇಲಾಗಿ ಬಿದ್ದಿದ್ದ ಆ ಪ್ಲಾಸ್ಟಿಕ್ ಬಟ್ಟಲಲ್ಲಿ ತಿಂಗಳುಗಟ್ಟಲೆಯ ಧೂಳು ತುಂಬಿರುತ್ತದೆ. ಅದನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಆರಿದ ಮೇಲಷ್ಟೇ ಕ್ಯಾಮೆರಾಕ್ಕೆ ಹಾಕಿ.