ಹಿತ್ತಲಲ್ಲಿ 64 ಕೆಜಿ ಸಿಹಿಗುಂಬಳ: ನನ್ನ ಅನುಭವ

ಕುಂಬಳ ಹಾಕೋದು ಮುಂಗಾರಲ್ಲಿ ಅಂತ ಎಲ್ರೂ ಹೇಳ್ತಾರೆ, ನಾನು ನವೆಂಬರ್ ಮೊದಲ ವಾರ ಬೀಜ ಹಾಕ್ದೆ. ನರ್ಸರಿಯವನು ನಕ್ಕ. ಕೈತೋಟದ ವಾಟ್ಸಾಪ್ ಗ್ರೂಪಲ್ಲಿ ಒಬ್ರು "ಚಳೀಲಿ ಬಳ್ಳಿ ಏಳಲ್ಲ ಸಾರ್, ಗೊಬ್ಬರ ದಂಡ" ಅಂದ್ರು. ಮಾರ್ಚ್ ಕೊನೇಲಿ ಗುಜರಿ ಅಂಗಡಿ ತಕ್ಕಡಿ ಮೇಲೆ ಕಾಯಿ ಇಟ್ಟಾಗ 64 ಕೆಜಿ ಚಿಲ್ಲರೆ ತೋರಿಸ್ತು. ಗೊತ್ತು, 2025ರಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಸಹೋದರರು ತೂಗಿಸಿದ ವಿಶ್ವದಾಖಲೆ ಕುಂಬಳ 1278 ಕೆಜಿ ಮೇಲೆ, ನಂದು ಅದರ ಇಪ್ಪತ್ತರಲ್ಲೊಂದು ಪಾಲು. ಆದ್ರೆ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ನನ್ನ ಹಿತ್ತಲು ಅಂದ್ರೆ ಸುಮಾರು 18 ಅಡಿಗೆ 22 ಅಡಿ, ಅದ್ರಲ್ಲೂ ಒಂದು ಮೂಲೆ ಸಂಪ್‌ಗೆ ಹೋಯ್ತು, ಇನ್ನೊಂದು ಮೂಲೆ ಪಕ್ಕದ ಮನೆ ಮೂರನೇ ಫ್ಲೋರ್ ನೆರಳಿಗೆ.

ತಳಿ ಅಟ್ಲಾಂಟಿಕ್ ಜೈಂಟ್. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹೊವಾರ್ಡ್ ಡಿಲ್ ಅನ್ನೋ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಮಾಡಿದ್ದು, ಈಗಿನ ದಾಖಲೆ ಕಾಯಿಗಳೆಲ್ಲ ಅದರ ವಂಶವೇ. ಆನ್‌ಲೈನಲ್ಲಿ ಮುನ್ನೂರೈವತ್ತೋ ಏನೋ ಕೊಟ್ಟು ತರಿಸಿದ ಮೊದಲ ಪ್ಯಾಕೆಟ್ಟು ಶುದ್ಧ ಮೋಸ, ಪ್ಯಾಕೆಟ್ ಮೇಲೆ ಆನೆಯಷ್ಟು ಕಾಯಿ, ಬಳ್ಳೀಲಿ ಬಂದಿದ್ದು ಸಂತೇಲಿ ಸಿಗೋ ಅದೇ ಹಸಿರು ಪಟ್ಟೆ ಕಾಯಿ. ಆಮೇಲೆ ಒಬ್ಬ ಹವ್ಯಾಸಿ ಬೆಳೆಗಾರರ ಹತ್ರ ಬೀಜಕ್ಕೆ ನೂರೈವತ್ತರ ಹಾಗೆ ತಗೊಂಡೆ. ಬೀಜ ಹೆಬ್ಬೆರಳ ಉಗುರಿನಷ್ಟು ಅಗಲ, ಸಿಪ್ಪೆ ದಪ್ಪ, ಅಂಚು ಸ್ವಲ್ಪ ಉಜ್ಜಿ ನೆನೆಸಿದ್ರೇ ಮೊಳಕೆ.

ಇದಕ್ಕೆ ಮುಂಚೆ ಎಲ್ಲರ ಮಾತು ಕೇಳಿ ಜೂನಲ್ಲಿ ಹಾಕಿದ್ದೂ ಆಗಿದೆ. ಆಗಸ್ಟಲ್ಲಿ ಎಲೆ ಮೇಲೆ ಹಳದಿ ಚೌಕ ಚೌಕ ಮಚ್ಚೆ ಬಂದು ಹದಿನೈದು ದಿನದಲ್ಲಿ ಬಳ್ಳಿ ಬೋಳು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಹಣ್ಣುನೊಣ. ಮುಷ್ಟಿ ಗಾತ್ರದ ಹೀಚು, ಮೇಲಿಂದ ಚೆನ್ನಾಗೇ ಇತ್ತು, ಒಂದು ಕಡೆ ಮಾತ್ರ ಅಂಟಿನ ಹನಿ ಜಿನುಗಿ ಗಟ್ಟಿಯಾಗಿತ್ತು. ಕುಯ್ದು ನೋಡಿದ್ರೆ ಒಳಗೆ ಬಿಳೀ ಹುಳ, ಮೈ ಬಿಲ್ಲಿನ ಹಾಗೆ ಬಗ್ಗಿಸಿ ಟಪ್ ಅಂತ ಹಾರ್ತವೆ. ಒಂದೇ ಒಂದು ಕಾಯಿ ಹನ್ನೆರಡು ಕೆಜಿ ಹತ್ರ ಬಂತು, ಒಂದು ರಾತ್ರಿ ಜೋರು ಮಳೆ, ಬೆಳಿಗ್ಗೆ ತೊಟ್ಟಿನ ಹತ್ರ ಬಾಯಿ ಬಿಟ್ಟಿತ್ತು. ಗೊಬ್ಬರ, ಟೆಂಪೋ ಬಾಡಿಗೆ, ಔಷಧಿ ಸೇರಿ ಆ ಸೀಸನ್ನಿಗೆ ಆರೇಳು ಸಾವಿರ ಮಣ್ಣುಪಾಲು.

ಆಗ ತಲೆ ಓಡಿಸಿದ್ದು ಇಷ್ಟೇ. ಅಟ್ಲಾಂಟಿಕ್ ಜೈಂಟ್ ಕುಂಬಳದಲ್ಲೇ ಮ್ಯಾಕ್ಸಿಮಾ ಅನ್ನೋ ಜಾತಿ, ದಕ್ಷಿಣ ಅಮೆರಿಕದ್ದು, ನಮ್ಮ ಮಾರ್ಕೆಟ್ಟಿನ ಕಾಯಿ ಬಹುಪಾಲು ಮೊಸ್ಕಾಟಾ ಅನ್ನೋ ಬೇರೆ ಜಾತಿ. ಮ್ಯಾಕ್ಸಿಮಾಗೆ ರಾತ್ರಿ ತಂಪಿದ್ರೆ ಖುಷಿ, ಹಗಲು ಕಮ್ಮಿ ಆಗಿ ರಾತ್ರಿ ತಣ್ಣಗಿದ್ರೆ ಹೆಣ್ಣು ಹೂವೂ ಬೇಗ ಬರತ್ತೆ. ಜನವರೀಲಿ ನಮ್ಮಲ್ಲಿ ರಾತ್ರಿ 15, 16 ಡಿಗ್ರಿ, ಹಗಲು ಕಣ್ಣು ಕೋರೈಸೋ ಬಿಸಿಲು, ಮಳೆ ಹೆಚ್ಚುಕಮ್ಮಿ ಇಲ್ಲ. ಇದಕ್ಕಿಂತ ಏನು ಬೇಕು? ಬೇಕಿದ್ದು ನೀರು ಮಾತ್ರ, ಅದರ ಕಥೆ ಆಮೇಲೆ ಹೇಳ್ತೀನಿ.

ಗುಂಡಿ ನಾಲ್ಕಡಿ ಅಗಲ, ಎರಡಡಿ ಆಳ, ದೊಡ್ಡಬಳ್ಳಾಪುರ ಕಡೆಯಿಂದ ಅರ್ಧ ಟೆಂಪೋ ಹಳೇ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಉಳಿದಿದ್ದು ನಿಮಗೆ ಗೊತ್ತಿರೋದೇ. ನವೆಂಬರಲ್ಲಿ ವಾಯುಭಾರ ಕುಸಿತ ಅಂತ ನಾಲ್ಕೈದು ದಿನ ಜಿಟಿಜಿಟಿ ಹಿಡಿದಾಗ ಮಾತ್ರ ಎದೆ ಹೊಡ್ಕೊಂಡಿತು, ಸಸಿ ಮೇಲೆ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಅರ್ಧ ಕುಯ್ದು ಮುಚ್ಚಿದ್ದೆ. ಜಾಗ ಇಲ್ಲದವರು ಮುಖ್ಯ ಬಳ್ಳೀನ ನೇರ ಬಿಡಬೇಡಿ, ನಾನು ಕಾಂಪೌಂಡ್ ಗೋಡೆಗುಂಟ ನಿಧಾನವಾಗಿ ತಿರುಗಿಸ್ಕೊಂಡು ಹೋದೆ. ಪಕ್ಕದ ಬಳ್ಳಿಗಳನ್ನ ಆರೇಳು ಅಡಿಗೆ ಚಿವುಟಿ, ಪ್ರತಿ ಗೆಣ್ಣಿನ ಮೇಲೂ ಮಣ್ಣು ಹಾಕಿದೆ, ಅಲ್ಲೆಲ್ಲ ಬೇರು ಬಿಟ್ಟು ಒಂದೇ ಗಿಡ ಹತ್ತು ಕಡೆ ಊಟ ಮಾಡತ್ತೆ.

ಹೆಣ್ಣು ಹೂವು ಸಂಕ್ರಾಂತಿಗೆ ಸ್ವಲ್ಪ ಮುಂಚೆ ಬಂತು, ಬುಡದಿಂದ ಹತ್ತು ಹನ್ನೊಂದು ಅಡಿ ದೂರದಲ್ಲಿ. ಹಿಂದಿನ ಸಂಜೇನೇ ಮೊಗ್ಗಿಗೆ ಹಳೇ ಸೊಳ್ಳೆಪರದೆ ಚೀಲ ಕಟ್ಟಿ, ಬೆಳಿಗ್ಗೆ ಆರೂವರೆಗೆ ಅದೇ ಗಿಡದ ಎರಡು ಗಂಡು ಹೂವಿನ ದಳ ಕಿತ್ತು ಒಳಗಿನ ಪುಡಿ ಸವರಿದೆ. ಎಂಟಕ್ಕೆಲ್ಲ ಹೂವು ಸೊರಗೋಕೆ ಶುರು, ಆಫೀಸಿಂದ ಬಂದು ಮಾಡ್ತೀನಿ ಅಂದ್ರೆ ಮುಗೀತು ಕಥೆ. ಎರಡು ಕಾಯಿ ಕಟ್ಟಿದ್ವು, ಚಿಕ್ಕದನ್ನ ಕಿತ್ತೆ, ಮನೇಲಿ ಅದಕ್ಕೂ ಜಗಳ ಆಯ್ತು. ಹೀಚಿಗೆ ಬಟ್ಟೆ ಚೀಲ ಹಾಕಿ, ಗೋಡೆ ಮೇಲೆ ಗಂಡು ಹಣ್ಣುನೊಣನ ವಾಸನೆಯಿಂದ ಸೆಳೆದು ಹಿಡಿಯೋ ಕ್ಯೂಲೂರ್ ಟ್ರ್ಯಾಪ್ ಎರಡು ನೇತಾಕಿದ್ದೆ, ಒಂದು ನೂರು ನೂರೈವತ್ತು ರೂಪಾಯಿ ಅಷ್ಟೇ. ಬಿದ್ದ ಗಂಡು ನೊಣ ಎಣಿಸೋಕೆ ಹೋಗಿಲ್ಲ, ಡಬ್ಬಿ ತಳ ಕಪ್ಪಗಾಗಿತ್ತು.

ತೆಂಗಿನಕಾಯಿ ಗಾತ್ರಕ್ಕೆ ಬಂದ ಮೇಲೆ ಕಾಯಿನ ದಿನಕ್ಕೆ ಒಂದೆರಡು ಇಂಚು ಸರಿಸಿ ಬಳ್ಳಿಗೆ ಅಡ್ಡ ಕೂರಿಸಿದೆ, ಅದೂ ಮಧ್ಯಾಹ್ನ ಬಳ್ಳಿ ಮೆತ್ತಗಿದ್ದಾಗ. ಕಾಯಿ ಉಬ್ಬಿದ ಹಾಗೆ ಅದರ ಭುಜ ಬಳ್ಳೀನ ಎತ್ತತ್ತೆ, ತೊಟ್ಟು ಮುರಿಯೋದು ಅಲ್ಲೇ. ಹಾಗಾಗಿ ಕಾಯಿ ಅಕ್ಕಪಕ್ಕದ ಎರಡು ಗೆಣ್ಣಿನ ಬೇರು ಕತ್ತರಿಸಿಬಿಟ್ಟೆ. ಕೆಳಗೆ ಮರಳು, ಅದರ ಮೇಲೆ ಥರ್ಮಾಕೋಲ್. ಮೇಲೆ ಶೇಡ್ ನೆಟ್, ಇಲ್ಲಾಂದ್ರೆ ಸಿಪ್ಪೆ ಬಿಸಿಲಿಗೆ ಬೇಗ ಗಟ್ಟಿಯಾಗಿ ಬಿರುಕು ಬಿಡತ್ತೆ. ಫೆಬ್ರವರಿ ನಡುವೆ ದಿನಕ್ಕೆ ಒಂದೂವರೆ, ಎರಡು ಕೆಜಿ ಏರ್ತಿತ್ತು ಅಂತ ಟೇಪ್ ಲೆಕ್ಕದಲ್ಲಿ ಅಂದಾಜು. ಆ ಮೂರು ವಾರ ಬುಡಕ್ಕೆ ಏನು ಹುಯ್ದೆ ಅಂತ ಎಲ್ರೂ ಕೇಳ್ತಾರೆ. ಎರಡು ಥರ ಹಿಂಡಿ ಕೊಳೆಸಿದ ನೀರು, ಜೊತೆಗೆ ಪೊಟ್ಯಾಷ್. ಯಾವ ಹಿಂಡಿ, ಎಷ್ಟು ದಿನ ಕೊಳೆಸಿದ್ದು ಅನ್ನೋದು ಇನ್ನೊಂದು ಸೀಸನ್ ನನ್ನ ಹತ್ರಾನೇ ಇರ್ಲಿ.

ಬೂದಿರೋಗ ಬಂದೇ ಬಂತು, ಒಣ ಚಳಿಗೆ ಅದು ಬರದೆ ಇರಲ್ಲ. ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ಬೆಳಗಿನ ಬಿಸಿಲಲ್ಲಿ ಸಿಂಪಡಿಸಿದೆ, ಶುರುವಿನಲ್ಲೇ ಹಿಡಿದ್ರೆ ಕೆಲಸ ಮಾಡತ್ತೆ. ಕಾಯಿ ದೊಡ್ಡದಾಗ್ಲಿ ಅಂತ ಬತ್ತಿ ಚುಚ್ಚಿ ಬಳ್ಳಿಗೆ ಹಾಲು ಕುಡಿಸೋದನ್ನೂ ಒಂದು ಪಕ್ಕದ ಬಳ್ಳಿ ಮೇಲೆ ನೋಡಿದೆ: ಇರುವೆ ಬಂತು, ಚುಚ್ಚಿದ ಜಾಗ ಕೊಳೀತು, ಅಷ್ಟೇ. ಅಂಚಿನಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ತಳಿ ಅರ್ಕಾ ಸೂರ್ಯಮುಖಿ ಎರಡು ಗಿಡ ಹಾಕಿದ್ದೆ, ಅದೂ ಮ್ಯಾಕ್ಸಿಮಾನೇ, ಕಾಯಿ ಕೆಜಿ ಲೆಕ್ಕದ್ದು, ಆದ್ರೆ ಹಣ್ಣುನೊಣ ಹತ್ರ ಸುಳೀಲಿಲ್ಲ. ಅದನ್ನೂ ಅಟ್ಲಾಂಟಿಕ್ ಜೈಂಟನ್ನೂ ಕ್ರಾಸ್ ಮಾಡಿ ಒಂದು ಕಾಯಿ ಬೀಜ ತೆಗೆದಿಟ್ಟಿದೀನಿ, ಏನಾಗತ್ತೋ ನೋಡೋಣ.

ಈಗ ನೀರು. ಫೆಬ್ರವರಿ, ಮಾರ್ಚಲ್ಲಿ ದಿನಕ್ಕೆ ನೂರು ಲೀಟರ್ ಮೇಲೆ ಕುಡೀತು. ವಾಷಿಂಗ್ ಮಷಿನ್ ನೀರು ಬೇಡ ಅಂತ ಅಕ್ಕಿ ತೊಳೆದಿದ್ದು, ಆರ್‌ಓ ವೇಸ್ಟು, ಎಲ್ಲ ಡ್ರಮ್ಮಿಗೆ, ಆದ್ರೂ ಸಾಲದೆ ಟ್ಯಾಂಕರ್ ಎರಡು ಮೂರು ಸಲ, ಸಲಕ್ಕೆ ಸಾವಿರದ ಆಸುಪಾಸು. ಒಟ್ಟು ಈ ಸೀಸನ್ ಹನ್ನೊಂದು ಹನ್ನೆರಡು ಸಾವಿರ ಆಗಿರಬೇಕು, ಅಂದ್ರೆ ಕೆಜಿಗೆ ನೂರೆಂಬತ್ತರ ಆಸುಪಾಸು. ಹೆಂಡತಿ ಇದನ್ನ ಬಂದವರಿಗೆಲ್ಲ ಹೇಳ್ತಾಳೆ.

ರುಚಿ ಕೇಳಬೇಡಿ. ಸಿಪ್ಪೆ ಕೆಳಗೆ ದಪ್ಪ ತಿರುಳು, ನೀರು ನೀರು, ಮಜ್ಜಿಗೆಹುಳಿಗೆ ಓಕೆ, ಪಲ್ಯಕ್ಕೆ ಸುಖ ಇಲ್ಲ. ಬೀದಿಗೆಲ್ಲ ಹಂಚಿ ಮಿಕ್ಕಿದ್ದು ಹಾಲಿನವರ ಹಸುಗೆ ಹೋಯ್ತು, ಅವರು ಒಂದು ವಾರ ದುಡ್ಡು ತಗೊಳ್ಳದೆ ಹಾಲು ಹಾಕಿದ್ರು, ಕಾಯಿಂದ ಬಂದ ಆದಾಯ ಅಂದ್ರೆ ಅದೊಂದೇ.