ಮೈಸೂರಿನಲ್ಲಿ ಕುಳಿತು ಒಬ್ಬ ಜರ್ಮನ್ ವಲಸಿಗನ ಬದುಕನ್ನು ಬರೆಯುವುದು ಹೇಗೆ?

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಉತ್ತರದ ಪರ ಹೋರಾಡಿದವರಲ್ಲಿ ಜರ್ಮನಿಯಲ್ಲಿ ಹುಟ್ಟಿದವರೇ ಸುಮಾರು 2 ಲಕ್ಷ ಮಂದಿಯಿದ್ದರು. ಯುದ್ಧ ಮುಗಿದ ಮೇಲೆ ಅವರಲ್ಲಿ ಕೆಲವರು ಸಣ್ಣ ಊರುಗಳಲ್ಲಿ ದಿನಸಿಯ ಇಲ್ಲವೇ ಬಟ್ಟೆಯ ಅಂಗಡಿಯಿಟ್ಟು ನೆಲೆಯೂರಿದರು. ಅಂಥ ಒಬ್ಬನನ್ನು ಪ್ರಬಂಧಕ್ಕೆ ಆರಿಸಿಕೊಂಡ ಮಾನಸಗಂಗೋತ್ರಿಯ ವಿದ್ಯಾರ್ಥಿಯು ಮೊದಲು ಹೆಸರಿನ ಬೆನ್ನು ಹತ್ತಬೇಕು. ಶ್ಮಿಟ್ ಎಂಬವನು ಸ್ಮಿತ್ ಆಗಿಯೂ ಮ್ಯುಲರ್ ಎಂಬವನು ಮಿಲ್ಲರ್ ಆಗಿಯೂ ದಾಖಲೆಗಳಲ್ಲಿ ಅಡಗಿರುವುದುಂಟು.

ಬಳಿಕ 1900ರ ಜನಗಣತಿಯ ಹಾಳೆಯನ್ನು ತೆರೆಯಿರಿ: ಹುಟ್ಟಿದ ತಿಂಗಳು, ವಲಸೆ ಬಂದ ವರ್ಷ, ಕಸುಬು, ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. 1890ರ ಹಾಳೆಗಳಿಗಾಗಿ ಹುಡುಕಬೇಡಿ. 1921ರ ಬೆಂಕಿಯ ದೆಸೆಯಿಂದ ಅವು ಬಹುಪಾಲು ಉಳಿದಿಲ್ಲ.

ನಿಜವಾದ ನಿಧಿ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಪಿಂಚಣಿ ಕಡತ. ಗಾಯದ ವಿವರ, ವೈದ್ಯರ ತಪಾಸಣೆ, ನೆರೆಹೊರೆಯವರ ಪ್ರಮಾಣಪತ್ರಗಳು ಅದರಲ್ಲಿರುತ್ತವೆ. ಮದುವೆಯನ್ನು ರುಜುವಾತುಪಡಿಸಲು ವಿಧವೆಯರು ಮನೆಯ ಬೈಬಲ್ಲಿನಿಂದ ಹರಿದು ಕಳಿಸಿದ ಪುಟವೂ ಒಮ್ಮೊಮ್ಮೆ ಇರುತ್ತದೆ. ಹಳೆಯ ಜರ್ಮನ್ ಕೈಬರಹವಾದ ಕುರೆಂಟ್ ಲಿಪಿಯನ್ನು ಓದುವುದು ನಮ್ಮ ಶಾನುಭೋಗರ ಕಡತ ಓದಿದಷ್ಟೇ ತ್ರಾಸದ ಕೆಲಸ, ಆದ್ದರಿಂದ ಅಕ್ಷರಮಾಲೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಬರೆಯುವಾಗ ಯುದ್ಧಕ್ಕೇ ಪುಟಗಳನ್ನೆಲ್ಲ ಸುರಿಯುವುದು ತಪ್ಪೆಂದು ನನ್ನ ಅಭಿಪ್ರಾಯ. ಸಿಪಾಯಿಗಿರಿ ಹೆಚ್ಚೆಂದರೆ ನಾಲ್ಕು ವರ್ಷ, ಅಂಗಡಿಯಾದರೋ ಹಲವು ದಶಕ. ಸಂತೆಪೇಟೆಯ ಯಾವುದಾದರೂ ಹಳೆಯ ಅಂಗಡಿಯಲ್ಲಿ ಅರ್ಧ ದಿನ ಕುಳಿತು ಉದ್ರಿ ಲೆಕ್ಕ ನಡೆಯುವ ಬಗೆಯನ್ನು ಗಮನಿಸಿದರೆ, ಆ ವರ್ತಕನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ತಾವಾಗಿ ಹೊಳೆಯುತ್ತವೆ. ಉತ್ತರಗಳನ್ನು ಅವನ ಊರಿನ ಪತ್ರಿಕೆಯ ಜಾಹೀರಾತುಗಳಲ್ಲಿ ಹುಡುಕಿ. ಅಂಥ ಅನೇಕ ಪತ್ರಿಕೆಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.